ಬಿಸಿನೀರು, ರಬ್ಬರ್ ಪಂಪು, ಸೋಡಾ, ಸ್ಪ್ರಿಂಗು: ಕಟ್ಟಿಕೊಂಡ ಪಾಯಿಖಾನೆ ಮುಂದೆ ನಮ್ಮ ಮನೆಯವರ ಪರೀಕ್ಷೆ

ದುಗ್ಗಮ್ಮನ ಜಾತ್ರೆ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗ ಊರಿಗೆ ಊರೇ ನೆಂಟರಿಂದ ತುಂಬುತ್ತದೆ. ಹೋದ ಜಾತ್ರೆಗೆ ನಿಟುವಳ್ಳಿಯ ನಮ್ಮ ಮನೆಯಲ್ಲಿ ಹದಿನಾಲ್ಕು ಜನ, ಅದರಲ್ಲಿ ನಾಲ್ಕು ಮಕ್ಕಳು, ಒಂದು ಕೂಸು. ಒಳಗೊಂದು ಕಮೋಡು, ಹಿತ್ತಲಲ್ಲಿ ಒಂದು ಇಂಡಿಯನ್ ಪ್ಯಾನು. ಬೆಳಿಗ್ಗೆ ಏಳಕ್ಕೆ ನಾದಿನಿಯ ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು, "ಅತ್ತೆ, ನೀರು ಕೆಳಗೆ ಹೋಗ್ತಿಲ್ಲ, ಮ್ಯಾಲೆ ಬರ್ತತಿ" ಅಂದಳು. ಆ ಎರಡು ದಿನದಲ್ಲಿ, ಆಮೇಲೆ ಇನ್ನೂ ಎರಡು ಸಂದರ್ಭಗಳಲ್ಲಿ ನಾನು ಈ ಕೈಯಿಂದಲೇ ಮಾಡಿ ನೋಡಿದ ಉಪಾಯಗಳನ್ನು ಇಲ್ಲಿ ಒಂದರ ಪಕ್ಕ ಒಂದು ಇಟ್ಟಿದ್ದೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹಾಗಾಗಿ ಮಧ್ಯೆ ಮಧ್ಯೆ ಪಾಠ ನುಸುಳಿದರೆ ಸಹಿಸಿಕೊಳ್ಳಿ.

ಎಲ್ಲಕ್ಕಿಂತ ಕೆಟ್ಟ ಉಪಾಯ ನಮ್ಮ ಮನೆಯವರದು. "ಇನ್ನೊಂದ್ಸಲ ಫ್ಲಶ್ ಮಾಡಿದ್ರೆ ಹೋಗ್ತತಿ" ಅಂತ ಗುಂಡಿ ಒತ್ತಿಯೇಬಿಟ್ಟರು. ತುಂಬಿ ನಿಂತ ಕಮೋಡಿಗೆ ಇನ್ನೊಂದು ಟ್ಯಾಂಕು ನೀರು ಬಿಟ್ಟರೆ ಅದು ಹೋಗುವ ಜಾಗ ಒಂದೇ, ನೆಲ. ಬಚ್ಚಲ ಕಾಲೊರಸು, ಹೊರಗಿನ ಚಾಪೆ, ಅವರ ಪಂಚೆಯ ಅಂಚು, ಎಲ್ಲವೂ ತೊಳೆಯುವ ರಾಶಿಗೆ ಸೇರಿದವು. ನೀರು ಏರುತ್ತಿದೆ ಅನ್ನಿಸಿದ ತಕ್ಷಣ ಮಾಡಬೇಕಾದ್ದು ಟ್ಯಾಂಕಿನ ಪಕ್ಕದ ಆಂಗಲ್ ಕಾಕ್ ತಿರುಗಿಸಿ ಮುಚ್ಚುವುದು. ಅಷ್ಟು ಮಾಡಿದರೆ ಗಾಬರಿ ಅರ್ಧ ಇಳಿಯುತ್ತದೆ.

ಎರಡನೆಯದು ಅತ್ತೆಯದು: ಹಂಡೆ ನೀರು. ನಮ್ಮ ಹಿತ್ತಲಲ್ಲಿ ಇನ್ನೂ ತಾಮ್ರದ ಹಂಡೆ ಇದೆ, ಜಾತ್ರೆಯ ದಿನವಾದ್ದರಿಂದ ಒಲೆ ಬೆಳಗಿನ ನಾಲ್ಕರಿಂದಲೂ ಉರಿಯುತ್ತಿತ್ತು. ಒಂದು ಹಿಡಿ ಬಟ್ಟೆ ಸೋಪಿನ ಪುಡಿ ಉದುರಿಸಿ, ಬಕೆಟ್ ನೀರು ಹೊಯ್ಯಿರಿ ಅಂದರು. ಇದನ್ನು ಹಳೆಯ ಕಾಲದ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ಅದಕ್ಕೂ ಹಿಂದಿನ ದೀಪಾವಳಿಯಲ್ಲಿ ಇದೇ ಕಮೋಡು ಕಟ್ಟಿದಾಗ, ಸೋಪು ಹಾಕಿ ಅರ್ಧ ತಾಸು ಬಿಟ್ಟು, ಬಿಸಿನೀರು ಸೊಂಟದೆತ್ತರದಿಂದ ಸುರಿದಿದ್ದಕ್ಕೆ ಗುಳಕ್ ಅಂತ ಒಮ್ಮೆಲೇ ಇಳಿದಿತ್ತು. ಸಾದಾ ಮಲ, ಅತಿಯಾಗಿ ತುರುಕಿದ ಟಿಶ್ಯೂ ಕಾಗದ, ಸೋಪಿನ ತುಂಡು, ಇವುಗಳ ಕಟ್ಟಿಗೆ ಸೋಪುನೀರಿನ ಜಾರಿಕೆ, ಬಿಸಿಯ ಮೆತ್ತಗಾಗಿಸುವ ಗುಣ, ಎತ್ತರದಿಂದ ಬೀಳುವ ನೀರಿನ ಒತ್ತಡ ಮೂರೂ ಕೂಡಿ ಕೆಲಸ ಮಾಡುತ್ತವೆ. ಆದರೆ ಕೊತಕೊತ ಕುದಿಯುವ ನೀರು ಬೇಡ. ತಣ್ಣಗಿನ ಪಿಂಗಾಣಿ ಒಮ್ಮೆಲೇ ಬಿಸಿಯಾದರೆ ಬಿರುಕು ಬಿಡುತ್ತದೆ, ಕೆಳಗಿನ ಪಿ.ವಿ.ಸಿ. ಪೈಪು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಸ್ನಾನಕ್ಕಿಂತ ತುಸು ಹೆಚ್ಚು ಬಿಸಿ ಇದ್ದರೆ ಸಾಕು. ಜಾತ್ರೆಯ ಬೆಳಗ್ಗೆ ಮಾತ್ರ ಹಂಡೆ ನೀರಿಗೆ ಕಟ್ಟು ಜಗ್ಗಲಿಲ್ಲ. ನೀರು ಒಂದು ತಾಸಿಗೆ ಒಂದು ಬೆರಳು ಇಳಿಯಿತು, ಅಷ್ಟೇ. ಪೂರ್ತಿ ಮುಚ್ಚಿಲ್ಲ, ಸಂದಿ ಇದೆ, ಆದರೆ ಅಡ್ಡಲಾಗಿ ಕೂತಿದ್ದು ಕರಗುವ ಜಾತಿಯದಲ್ಲ ಅಂತ ನನಗೆ ಆಗಲೇ ಅನುಮಾನ ಬಂದಿತ್ತು.

ಅಷ್ಟರಲ್ಲಿ ಮೈದುನನ ಮಗ, ಇಂಜಿನಿಯರಿಂಗ್ ಎರಡನೇ ವರ್ಷದವನು, ಮೊಬೈಲಿನಲ್ಲಿ ವಿಡಿಯೋ ಹಿಡಿದು ಬಂದ. ಅಡುಗೆ ಸೋಡಾ ಮತ್ತು ವಿನೆಗರ್. ಮಿರ್ಚಿ ಹಿಟ್ಟಿಗೆ ಅಂತ ತಂದಿಟ್ಟಿದ್ದ ಸೋಡಾದ ಪೊಟ್ಟಣ ಪೂರ್ತಿ ಸುರಿದ. ಮೇಲೆ ಅರ್ಧ ಬಾಟಲಿ ವಿನೆಗರ್ ಹೊಯ್ದ. ಬುಸ್ ಅಂತ ನೊರೆ ಎದ್ದಿತು, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನೊರೆ ಇಳಿದ ಮೇಲೆ ನೀರು ಎಲ್ಲಿತ್ತೋ ಅಲ್ಲೇ ಇತ್ತು.

ಇದು ಯಾಕೆ ಕೆಲಸ ಮಾಡುವುದಿಲ್ಲ ಅನ್ನೋದಕ್ಕೆ ಹತ್ತನೇ ತರಗತಿಯ ಲೆಕ್ಕ ಸಾಕು. 84 ಗ್ರಾಂ ಅಡುಗೆ ಸೋಡಾ ಪೂರ್ತಿ ಕೆಲಸ ಮಾಡಬೇಕಾದರೆ 60 ಗ್ರಾಂ ಅಸಿಟಿಕ್ ಆಮ್ಲ ಬೇಕು. ಅಂಗಡಿಯ 5 ಪರ್ಸೆಂಟ್ ವಿನೆಗರ್‌ನಲ್ಲಿ ಅಷ್ಟು ಆಮ್ಲ ಸಿಗಬೇಕೆಂದರೆ 1.2 ಲೀಟರ್ ಹೊಯ್ಯಬೇಕು. ಹೊಯ್ದರೆ ಸುಮಾರು 24 ಲೀಟರ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಕೇಳೋದಕ್ಕೆ ಭಾರಿ ಅನಿಸುತ್ತದೆ. ಆದರೆ ಕಮೋಡಿನ ಬಾಯಿ ತೆರೆದೇ ಇದೆಯಲ್ಲ? ಅನಿಲಕ್ಕೆ ಮೇಲಕ್ಕೆ ಹೋಗುವ ದಾರಿ ಸಲೀಸಾಗಿರುವಾಗ ಕೆಳಗಿನ ಕಟ್ಟನ್ನು ಅದೇಕೆ ನೂಕೀತು? ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು, ಯಾವುದನ್ನೂ ಕರಗಿಸದ ಸಾಧು ನೀರು. ಅದೂ ಮೊದಲೇ ತುಂಬಿದ ಬಕೆಟ್ಟುಗಟ್ಟಲೆ ನೀರಿನಲ್ಲಿ ಬೆರೆತು ಇನ್ನಷ್ಟು ಸಾಧುವಾಗುತ್ತದೆ. ಅವತ್ತು ಸಂಜೆ ಮಂಡಕ್ಕಿ ಜೊತೆಗೆ ಮಿರ್ಚಿ ಆಗಲಿಲ್ಲ, ಸೋಡಾ ಮುಗಿದಿತ್ತು. ನನ್ನ ಲೆಕ್ಕದಲ್ಲಿ ಈ ಉಪಾಯದಿಂದ ಆದ ಪರಿಣಾಮ ಅದೊಂದೇ.

ಇನ್ನು ರಬ್ಬರ್ ಪಂಪು. ಕೋಲಿನ ತುದಿಗೆ ರಬ್ಬರ್ ಬಟ್ಟಲು ಸಿಕ್ಕಿಸಿದ್ದು, ಹಾರ್ಡ್‌ವೇರಿನವರು ಪ್ಲಂಜರ್ ಅಂತಲೂ ಅನ್ನುತ್ತಾರೆ. ಮನೆಯಲ್ಲಿ ಒಂದು ಇತ್ತು, ಅಡುಗೆಮನೆ ಸಿಂಕಿಗೆ ಅಂತ ತಂದಿದ್ದು, ಕೆಂಪನೆಯ ಚಪ್ಪಟೆ ಬಟ್ಟಲು. ಕಮೋಡಿನ ತಳದ ತೂತು ಕೋಳಿಮೊಟ್ಟೆಯ ಆಕಾರ, ಗೋಡೆ ಇಳಿಜಾರು. ಚಪ್ಪಟೆ ಬಟ್ಟಲು ಅಲ್ಲಿ ಕೂರುವುದೇ ಇಲ್ಲ. ಒತ್ತಿದಷ್ಟೂ ಪಕ್ಕದಿಂದ ಪಿಚಕಾರಿ. ನನ್ನ ಕನ್ನಡಕದ ಮೇಲೂ ಬಿತ್ತು, ವಿವರ ಬೇಡ. ಮಂಡಿಪೇಟೆ ಕಡೆಯ ಅಂಗಡಿಯೊಂದರಲ್ಲಿ ಕೇಳಿದಾಗ, ಬಟ್ಟಲಿನೊಳಗಿಂದ ಇನ್ನೊಂದು ಮೂತಿ ಹೊರಗೆ ಚಾಚುವ ಕಪ್ಪು ರಬ್ಬರಿನದು ಕೊಟ್ಟರು. ಇನ್ನೂರ ನಲವತ್ತು ರೂಪಾಯಿ. ಆ ಮೂತಿ ತೂತಿನೊಳಗೆ ಕೂತಿತು ನೋಡಿ, ಆಗ ಗೊತ್ತಾಯಿತು ನಾನು ಅಲ್ಲಿಯವರೆಗೆ ಮಾಡಿದ್ದು ಬರೀ ಕಲಕಾಟ ಅಂತ.

ಪಂಪು ಒತ್ತುವುದರಲ್ಲೂ ವರಸೆ ಇದೆ. ಬಟ್ಟಲಿನಲ್ಲಿ ಗಾಳಿ ತುಂಬಿದ್ದರೆ ನಿಮ್ಮ ಶಕ್ತಿಯೆಲ್ಲ ಗಾಳಿಯನ್ನು ಅದುಮುವುದರಲ್ಲೇ ಹೋಗುತ್ತದೆ. ನೀರನ್ನು ಅದುಮಲಾಗುವುದಿಲ್ಲ, ಹಾಗಾಗಿ ಬಟ್ಟಲನ್ನು ಓರೆಯಾಗಿ ಮುಳುಗಿಸಿ ಗಾಳಿ ಬುಳಬುಳ ಹೊರಬಿಟ್ಟು ಆಮೇಲೆ ಕೂರಿಸಬೇಕು. ಮೊದಲ ಒತ್ತು ಮೆಲ್ಲಗೆ. ಆಮೇಲೆ ಹದಿನೈದಿಪ್ಪತ್ತು ಸಲ, ಒತ್ತುವುದಕ್ಕಿಂತ ಎಳೆಯುವುದರ ಮೇಲೆ ಜೋರು. ಹೂತ ಗೂಟವನ್ನು ಅಲ್ಲಾಡಿಸಿ ಸಡಿಲ ಮಾಡುತ್ತೇವಲ್ಲ, ಹಾಗೆ. ಸುತ್ತಲೂ ಹಳೇ ಬಟ್ಟೆ ಹಾಸಿಕೊಂಡಿದ್ದರೆ ಒಳ್ಳೇದು. ಹನ್ನೊಂದು ಗಂಟೆಗೆ ನೀರು ಇಳಿಯಿತು. ಮನೆಯಲ್ಲಿ ಜಾತ್ರೆಯೊಳಗೊಂದು ಜಾತ್ರೆ.

ಸಂಜೆ ಆರಕ್ಕೆ ಮತ್ತೆ ತುಂಬಿತು.

ಇಲ್ಲೇ ಪಂಪಿನ ಮಿತಿ ಇರುವುದು. ಅದು ಕಟ್ಟನ್ನು ಸರಿಸುತ್ತದೆ, ತೆಗೆಯುವುದಿಲ್ಲ. ಮೆತ್ತಗಿನದಾದರೆ ಸರಿದದ್ದು ಹೋಗಿಬಿಡುತ್ತದೆ. ಗಟ್ಟಿ ವಸ್ತುವಾದರೆ ಸ್ವಲ್ಪ ಮುಂದಕ್ಕೆ ಹೋಗಿ ಮತ್ತೆ ಅಡ್ಡ ಮಲಗುತ್ತದೆ. ಕಮೋಡಿನ ಹೊಟ್ಟೆಯೊಳಗೆ ನೀರು ನಿಲ್ಲಲೆಂದು ಮಾಡಿದ ಬಾಗು ಇದೆ, ಪ್ಲಂಬರುಗಳು ಟ್ರ್ಯಾಪ್ ಅನ್ನುತ್ತಾರೆ. ಲಂಡನ್ನಿನ ಗಡಿಯಾರಗಾರ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಬಾಗು ಅದು. ಅಲ್ಲಿ ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತಿರುವುದರಿಂದಲೇ ಚರಂಡಿಯ ಗಬ್ಬು ಮನೆಯೊಳಗೆ ಬರುವುದಿಲ್ಲ. ಅದರಾಚೆಯ ಪೈಪು 4 ಇಂಚಿನದು, ಆದರೆ ಬಾಗಿನ ದಾರಿ ಅದರ ಅರ್ಧದಷ್ಟು. ಮನೆಯ ಕಟ್ಟುಗಳಲ್ಲಿ ಹೆಚ್ಚಿನವು ಅಲ್ಲೇ ಸಿಕ್ಕಿಕೊಳ್ಳುತ್ತವೆ.

ಪ್ಲಂಬರಿಗೆ ಫೋನ್ ಮಾಡಿದರೆ, "ಅಕ್ಕಾ, ಜಾತ್ರಿ ಮುಗಿಯೋಮಟ ಯಾರೂ ಬರಂಗಿಲ್ಲ, ನಮ್ಮನೇಲೂ ನೆಂಟರದಾರೆ" ಅಂದ. ಸಿಟ್ಟು ಬರಲಿಲ್ಲ, ನ್ಯಾಯವಾದ ಮಾತು. ಅವನೇ ಸ್ಪ್ರಿಂಗು ತಂದುಕೊಳ್ಳಿ ಅಂದ. ಬೆರಳು ದಪ್ಪದ ಉಕ್ಕಿನ ಸುರುಳಿ ತಂತಿ, 5 ಮೀಟರ್ ಉದ್ದ, ಒಂದು ತುದಿಗೆ ತಿರುಗಿಸುವ ಹಿಡಿ, ಇನ್ನೊಂದು ತುದಿ ಹಂದಿಬಾಲದ ಹಾಗೆ ಸುರುಳಿ. ನಾನೂರ ಐವತ್ತು ಕೊಟ್ಟೆವು.

ರಾತ್ರಿ ಎಲ್ಲರೂ ಗುಡಿಯ ಕಡೆ ಹೋದ ಮೇಲೆ ಸೆರಗು ಸಿಕ್ಕಿಸಿ, ಮೊಣಕೈವರೆಗೆ ಕೈಗವಸು ಹಾಕಿಕೊಂಡು ಕೂತೆ. ತಂತಿ ಒಂದು ಗೇಣು ಹೋಯಿತು, ಎರಡು ಗೇಣು, ಆಮೇಲೆ ತಡೆಯಿತು. ಅಲ್ಲಿ ಜೋರಾಗಿ ನೂಕಿದರೆ ತಂತಿ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ, ಮೊದಲ ಸಲ ಹಾಗೇ ಆಯಿತು. ನೂಕಬಾರದು, ತಿರುಗಿಸಬೇಕು. ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದೇ ಸಮನೆ ತಿರುಗಿಸುತ್ತ ಹೋದಾಗ ಹಿಡಿ ಭಾರವಾಯಿತು, ತಂತಿ ಏನನ್ನೋ ಕಚ್ಚಿದ್ದು ಅಂಗೈಗೆ ಗೊತ್ತಾಯಿತು. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಸಿಕ್ಕಾಗ ಹಗ್ಗದಲ್ಲಿ ತಿಳಿಯುವಂಥದ್ದೇ ಭಾರ. ಹಾಗೇ ತಿರುಗಿಸುತ್ತಲೇ ಹಿಂದಕ್ಕೆ ಎಳೆದೆ. ಬಂತು: ಬೂದುಬಣ್ಣದ ಹಗ್ಗ. ಕೂಸಿನ ಕುಂಡೆ ಒರೆಸುವ ಒದ್ದೆ ವೈಪ್ಸ್, ಆರೋ ಏಳೋ, ಹುರಿ ಹೊಸೆದ ಹಾಗೆ ಸುತ್ತಿಕೊಂಡು. ಆ ಹುರಿಯ ನಡುವೆ ಹಳದಿ ಹಿಡಿಕೆಯ, ಆನೆ ಚಿತ್ರದ, ಮಕ್ಕಳ ಟೂತ್‌ಬ್ರಷ್. ಟ್ಯಾಂಕಿನ ಮೇಲಿನ ಹಲಗೆಯಿಂದ ಯಾವಾಗಲೋ ಬಿದ್ದಿರಬೇಕು. ಬಾಗಿನಲ್ಲಿ ಅಡ್ಡ ಕೂತ ಬ್ರಷ್ಷಿಗೆ ವೈಪ್ಸ್ ಒಂದೊಂದಾಗಿ ತೋರಣ ಕಟ್ಟಿದ್ದವು. ಪೊಟ್ಟಣದ ಮೇಲೆ ಏನೇ ಬರೆದಿರಲಿ, ಅವು ಟಿಶ್ಯೂ ಕಾಗದದ ಹಾಗೆ ನೀರಿನಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಬಹಳಷ್ಟರಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ. ಸ್ಯಾನಿಟರಿ ಪ್ಯಾಡು, ಡಯಾಪರು ಇನ್ನೂ ಘೋರ, ಒಳಗಿನ ಪುಡಿ ನೀರು ಹೀರಿ ಊದಿಕೊಳ್ಳುತ್ತದೆ.

ಸ್ಪ್ರಿಂಗಿನ ದೋಷವನ್ನೂ ಹೇಳಬೇಕು. ನಮ್ಮ ಬಿಳಿ ಕಮೋಡಿನ ತಳದಲ್ಲಿ ಪೆನ್ಸಿಲ್ ಗೀಚಿದ ಹಾಗೆ ಕಪ್ಪು ಗೀರುಗಳಿವೆ, ಇನ್ನೂ ಹೋಗಿಲ್ಲ. ಕಮೋಡಿಗೆಂದೇ ಮಾಡಿದ, ಬಾಗಿಗೆ ಪ್ಲಾಸ್ಟಿಕ್ ತೋಳು ತೊಡಿಸಿದ ಮೂರಡಿಯ ಸ್ಪ್ರಿಂಗು ಬರುತ್ತದಂತೆ ಅಂತ ಆಮೇಲೆ ತಿಳಿದು ತರಿಸಿ ನೋಡಿದೆ. ಗೀರು ಬೀಳುವುದಿಲ್ಲ, ಆದರೆ ಬೆಲೆ ಮೂರು ಪಟ್ಟು, ಉದ್ದ ಸಾಲದು. ನಾನಾದರೆ ಗೀರು ಬಿದ್ದರೆ ಬೀಳಲಿ ಅಂತ 5 ಮೀಟರಿನದನ್ನೇ ತೆಗೆದುಕೊಳ್ಳುತ್ತೇನೆ.

ಡ್ರೈನ್ ಕ್ಲೀನರ್ ಪುಡಿ ಅಂತ ಸಿಗುವ ಕಾಸ್ಟಿಕ್ ಸೋಡಾ ಯಾಕೆ ಹಾಕಲಿಲ್ಲ ಅಂತ ನೆಂಟರಲ್ಲಿ ಮೂವರು ಕೇಳಿದರು. ಅದಕ್ಕೊಂದು ಹಳೇ ಕಥೆ ಇದೆ. ಬಾಡಿಗೆ ಮನೆಯಲ್ಲಿದ್ದಾಗ ಹೀಗೇ ಕಟ್ಟಿ, ಇವರು ಎರಡು ಪೊಟ್ಟಣ ಸುರಿದಿದ್ದರು. ಕಾಸ್ಟಿಕ್ ನೀರಿಗೆ ಬಿದ್ದಾಗ ಸಿಕ್ಕಾಪಟ್ಟೆ ಬಿಸಿ ಹುಟ್ಟುತ್ತದೆ. ಹರಿದುಹೋಗಲು ದಾರಿ ಇಲ್ಲದ್ದರಿಂದ ಎಲ್ಲವೂ ಬಟ್ಟಲಲ್ಲೇ ನಿಂತಿತ್ತು. ಮರುದಿನ ಪ್ಲಂಬರ್ ಬಂದಾಗ ಹೇಳುವುದನ್ನೇ ಮರೆತರು. ಆತ ಪಂಪು ಒತ್ತಿದ ಮೊದಲ ಏಟಿಗೇ ಮಣಿಕಟ್ಟಿನ ಮೇಲೆ ಸಿಡಿಯಿತು. ಮೊದಲು ಉರಿಯಲಿಲ್ಲ, ಸೋಪಿನ ಹಾಗೆ ಜಾರುತ್ತದೆ ಅಂದ. ಆ ಜಾರಿಕೆ ಅವನ ಚರ್ಮದ ಕೊಬ್ಬೇ ಸೋಪಾಗುತ್ತಿದ್ದದ್ದು. ಇಪ್ಪತ್ತು ನಿಮಿಷ ನಲ್ಲಿ ಕೆಳಗೆ ಕೈ ಹಿಡಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಪ್ಪು ಪೂರ್ತಿ ನಮ್ಮದು. ಅಡುಗೆಮನೆ ಸಿಂಕಿನಲ್ಲಿ ಎಣ್ಣೆ ಜಿಡ್ಡಿಗೆ ಕಾಸ್ಟಿಕ್ ನಿಜಕ್ಕೂ ಕೆಲಸ ಮಾಡುತ್ತದೆ, ಜಿಡ್ಡನ್ನು ಸೋಪು ಮಾಡಿ ಹರಿಸುತ್ತದೆ. ಪಾಯಿಖಾನೆಯಲ್ಲಿ ವೈಪ್ಸಿಗೂ ಬ್ರಷ್ಷಿಗೂ ಅದು ಏನೂ ಮಾಡದು. ಹಾಕಿಯೇ ಬಿಟ್ಟಿದ್ದರೆ ಮುಂದೆ ಕೈಹಾಕುವವರಿಗೆ ಬಾಯಿಬಿಟ್ಟು ಹೇಳಿ.

ಪ್ಲಾಸ್ಟಿಕ್ ಬಾಟಲಿಯ ಬುಡ ಕತ್ತರಿಸಿ ಕೋಲಿಗೆ ಕಟ್ಟಿ ಒತ್ತುವುದು, ಕಮೋಡಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಅದುಮುವುದು, ಇವನ್ನೂ ಆಮೇಲೊಮ್ಮೆ ಮಾಡಿದೆವು. ಬಾಟಲಿ ಮಡಚಿಕೊಂಡಿತು, ಹಾಳೆ ಕಿತ್ತುಬಂತು.

ಇಷ್ಟಕ್ಕೇ ಬರೆದಿದ್ದರೆ ಸ್ಪ್ರಿಂಗೇ ಗೆದ್ದಿತು ಅನ್ನುತ್ತಿದ್ದೆ. ಆದರೆ ಅದೇ ವರ್ಷ ಮಳೆಗಾಲದಲ್ಲಿ ಹಿತ್ತಲ ಪ್ಯಾನು ಕಟ್ಟಿತು. ನಾನು ದೊಡ್ಡ ಅನುಭವಿಯ ಹಾಗೆ ಸ್ಪ್ರಿಂಗು ಹಿಡಿದು ಕೂತೆ. ಐದೂ ಮೀಟರ್ ಸಲೀಸಾಗಿ ಒಳಗೆ ಹೋಯಿತು, ಖಾಲಿ ವಾಪಸು ಬಂತು. ಪಂಪು ಒತ್ತಿದರೆ ಒಳಗಿನ ಕಮೋಡಿನಲ್ಲಿ ಗುಳುಗುಳು ಸದ್ದು. ಈ ಸಲ ಪ್ಲಂಬರ್ ಬಂದ. ಚೀಲ ಇಳಿಸಿದವನು ಪಾಯಿಖಾನೆಯ ಕಡೆ ನೋಡಲೇ ಇಲ್ಲ, ಸೀದಾ ಹಿತ್ತಲಿಗೆ ಹೋಗಿ ಹಾರೆಯಿಂದ ಚೇಂಬರಿನ, ಅಂದರೆ ಮನೆಯ ಪೈಪುಗಳು ರಸ್ತೆಗೆ ಹೋಗುವ ಮುಂಚೆ ಬಂದು ಸೇರುವ ಗುಂಡಿಯ, ಮುಚ್ಚಳ ಎತ್ತಿದ. ಒಳಗೆ ಅಂಚಿನವರೆಗೆ ತುಂಬಿತ್ತು. "ನೋಡ್ರಿ ಅಕ್ಕಾ, ಚೇಂಬರ್ ಒಣಗಿದ್ರೆ ಕಟ್ಟಿರೋದು ಮನಿ ಕಡೆ. ತುಂಬಿದ್ರೆ ರಸ್ತೆ ಕಡೆ. ನೀವು ಎಲ್ಲಿ ಕಟ್ಟೈತಿ ಅಂತ ನೋಡ್ದಲೆ ಯುದ್ಧ ಮಾಡ್ತೀರಿ" ಅಂದ. ಆ ಒಂದು ಮಾತಿಗೇ ಅವನ ಎಂಟುನೂರು ರೂಪಾಯಿ ಸಂದಿತು ಅಂತ ನನ್ನ ಲೆಕ್ಕ. ಎರಡು ಪಾಯಿಖಾನೆ ಒಟ್ಟಿಗೆ ಗುಳುಗುಟ್ಟಿದರೆ, ಬಟ್ಟೆ ಒಗೆದ ನೀರು ಬಚ್ಚಲಲ್ಲಿ ಉಕ್ಕಿದರೆ, ಆಗ ಬಿಸಿನೀರು, ಪಂಪು, ಸ್ಪ್ರಿಂಗು ಯಾವುದನ್ನೂ ಮುಟ್ಟಬೇಕಿಲ್ಲ.

ಬಿದಿರ ದಬ್ಬೆಗಳನ್ನು ಒಂದಕ್ಕೊಂದು ಕಟ್ಟಿ ಚೇಂಬರಿನಿಂದ ರಸ್ತೆ ಕಡೆಗೆ ನೂಕಿದ. ಸ್ಪ್ರಿಂಗಿಗಿಲ್ಲದ ಬಿರುಸು ದಬ್ಬೆಗಿದೆ, ನೇರ ಪೈಪಿನಲ್ಲಿ ಅದಕ್ಕೆ ಸಮನಾದದ್ದಿಲ್ಲ, ಬಾಗಿನಲ್ಲಿ ಮಾತ್ರ ಮುರಿಯುತ್ತದೆ. ಹನ್ನೆರಡಡಿಯಲ್ಲಿ ತಡೆದು, ತುದಿಗೆ ಕಂದುಬಣ್ಣದ ಜಡೆ ಸಿಕ್ಕಿಬಂತು. ತೆಂಗಿನ ಬೇರು. ಹಳೇ ಸ್ಟೋನ್‌ವೇರ್ ಪೈಪಿನ ಜೋಡಣೆಯ ಸಿಮೆಂಟು ಬಿಟ್ಟು, ಕೂದಲಿನಂಥ ಬೇರು ನುಗ್ಗಿ ಒಳಗೇ ಬೆಳೆದಿತ್ತು.

ಆ ಹೊತ್ತಿಗೆ ಪಕ್ಕದ ಬೀದಿಯ ಹಿರಿಯರೊಬ್ಬರು ಬಂದು, "ಒಬ್ಬ ಅದಾನೆ, ಒಂದು ಕ್ವಾರ್ಟರ್ ಕೊಟ್ರೆ ಇಳಿದು ಕೈಯಾಗೇ ತೆಗೀತಾನೆ" ಅಂದರು. ಇದನ್ನು ನಾನು ಹೋಲಿಕೆಯ ಸಾಲಿನಲ್ಲಿ ಇಡುವುದಿಲ್ಲ. ಮಲ ಹೊರುವ ಪದ್ಧತಿಗೆ ಈ ರಾಜ್ಯದಲ್ಲಿ 1970ರ ದಶಕದಲ್ಲೇ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ನಿಷೇಧ ಹಾಕಿಸಿದ್ದರು. ಮನುಷ್ಯರನ್ನು ರಕ್ಷಣೆಯಿಲ್ಲದೆ ಚರಂಡಿಗೆ, ಗುಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಇಳಿದವರು ಸತ್ತರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಒಳಗಿನ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು, ಆದರೆ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು ಅಂದುಕೊಳ್ಳುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಹಿರಿಯರಿಗೆ ಚಹಾ ಕೊಟ್ಟು ಕಳಿಸಿದೆ.

ರಸ್ತೆ ಕಡೆಯ ಯು.ಜಿ.ಡಿ. (ಒಳಚರಂಡಿ) ಲೈನಿಗೆ ಪಾಲಿಕೆಗೆ ದೂರು ಕೊಟ್ಟು ಜೆಟ್ಟಿಂಗ್ ಗಾಡಿ ಕರೆಸಿದೆವು. ಮೂರನೇ ದಿನ ಬಂತು. ನೀರಿನ ರಭಸಕ್ಕೆ ಹತ್ತು ನಿಮಿಷದಲ್ಲಿ ಎಲ್ಲ ಸ್ವಚ್ಛ. ಆದರೆ ಕಾಂಪೌಂಡಿನೊಳಗಿನ ಪೈಪು ನಮ್ಮದೇ ಹೊಣೆ. ಅಗೆಸಿ 4 ಇಂಚಿನ ಪಿ.ವಿ.ಸಿ. ಹಾಕಿಸಿದೆವು, 40 ಅಡಿಗೆ 1 ಅಡಿ ಇಳಿಜಾರಿನಲ್ಲಿ. ಹನ್ನೊಂದು ಸಾವಿರ. ಈ ಪಟ್ಟಿಯಲ್ಲಿ ಅತಿ ದುಬಾರಿ ಉಪಾಯ ಇದೇ, ಆಮೇಲೆ ಒಮ್ಮೆಯೂ ತಿರುಗಿ ನೋಡುವ ಹಾಗೆ ಆಗದಿರುವುದೂ ಇದೊಂದೇ.

ಮೂರನೆಯದು ಚಿತ್ರದುರ್ಗದ ತವರುಮನೆಯದು, ಚುಟುಕಾಗಿ ಹೇಳುತ್ತೇನೆ. ಅಲ್ಲಿ ಬೋರಿನ ಗಡಸು ನೀರು, ಬಕೆಟ್ಟಿನ ಅಂಚಿಗೆಲ್ಲ ಬಿಳಿ ಪಕ್ಕು. ಕಮೋಡು ಕಟ್ಟಿರಲಿಲ್ಲ, ತಿಂಗಳಿಂದ ತಿಂಗಳಿಗೆ ನಿಧಾನವಾಗುತ್ತ ಬಂದಿತ್ತು. ಅಪ್ಪ ಪಂಪು ಒತ್ತಿ ಒತ್ತಿ ಭುಜ ಹಿಡಿಸಿಕೊಂಡಿದ್ದರು. ಬಾಗಿನ ಒಳಗೋಡೆಗೆ ಸುಣ್ಣ ಕಟ್ಟಿದರೆ ಪಂಪಿಗೂ ಸ್ಪ್ರಿಂಗಿಗೂ ಹಿಡಿಯಲು ಏನೂ ಸಿಗುವುದಿಲ್ಲ. ಅಲ್ಲಿ ಗೆದ್ದದ್ದು ನಮ್ಮನೆಯಲ್ಲಿ ಯಾವ ಉಪಯೋಗಕ್ಕೂ ಬಾರದಿದ್ದ ಆಮ್ಲ. ಹಾರ್ಪಿಕ್‌ನಂಥ ಹೈಡ್ರೋಕ್ಲೋರಿಕ್ ಆಮ್ಲದ ಟಾಯ್ಲೆಟ್ ಕ್ಲೀನರನ್ನು, ಮಗ್ಗಿನಿಂದ ನೀರು ಮೊಗೆದು ತೆಗೆದ ಮೇಲೆ ಹಾಕಿ, ರಾತ್ರಿಯಿಡೀ ಬಿಟ್ಟು, ನಾಲ್ಕು ರಾತ್ರಿ ಹಾಗೆ ಮಾಡಿದೆವು. ಐದನೇ ಬೆಳಗ್ಗೆ ಬೆರಳುಗುರಿನಷ್ಟು ದಪ್ಪದ ಹಳದಿ ಚಕ್ಕೆಗಳು ಎದ್ದುಬಂದವು. ಅಮ್ಮ ಜೊತೆಗೆ ಬ್ಲೀಚಿಂಗ್ ಪುಡಿ ತಂದಿದ್ದರು, ಕೈಯಿಂದ ಕಸಿದುಕೊಂಡೆ. ಆಮ್ಲಕ್ಕೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಹಾಕಿದ ನಾಲ್ಕಡಿ ಕೋಣೆಯಲ್ಲಿ ಅದು ತಮಾಷೆಯಲ್ಲ.

ಈಗ ನಮ್ಮ ಹಿತ್ತಲ ಗೋಡೆಯ ಮೊಳೆಗೆ ಸ್ಪ್ರಿಂಗು ನೇತಾಡುತ್ತದೆ, ಕೆಳಗೆ ಕಪ್ಪು ಪಂಪು. ಕೆಂಪು ಪಂಪು ಸಿಂಕಿಗೆ. ಟ್ಯಾಂಕಿನ ಮೇಲಿನ ಹಲಗೆ ಕಿತ್ತುಹಾಕಿಸಿದ್ದೇನೆ. ಅತ್ತೆ ಈಗಲೂ ಮೊದಲು ಹಂಡೆ ನೀರೇ ಅನ್ನುತ್ತಾರೆ, ಖರ್ಚಿಲ್ಲದ್ದು, ನಾನೂ ಬೇಡ ಅನ್ನುವುದಿಲ್ಲ.

ಮೊನ್ನೆ ಹರಿಹರದಿಂದ ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ನಮ್ಮನೇದೂ ಕಟ್ಟೈತಿ, ನಿಮ್ಮ ಸ್ಪ್ರಿಂಗ್ ಕೊಟ್ಟು ಕಳಿಸ್ರಿ."

"ಮೊದ್ಲು ಚೇಂಬರ್ ಮುಚ್ಚಳ ತೆಗೆದು ನೋಡು" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಗಂಡನನ್ನು ಕೇಳುತ್ತಿರುವುದು ಕೇಳಿಸಿತು. ಆಮೇಲೆ ಬಂದು, "ಅದರ ಮ್ಯಾಲೆ ಹೋದ ವರ್ಷ ಟೈಲ್ಸ್ ಹಾಕ್ಸೀವಂತೆ" ಅಂದಳು.